ನೀರಿಗೆ ಬೆರೆಯದು, ಉರಿದರೆ ನೀರು

ಸ್ಟೀಲ್ ಪಾತ್ರೆಗೆ ತಣ್ಣೀರು ತುಂಬಿ, ಹೊರಮೈಯನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಗ್ಯಾಸ್ ಒಲೆಯ ಮೇಲಿಟ್ಟು ಬಗ್ಗಿ ನೋಡಬೇಕು. ಮೊದಲ ಕೆಲವು ಕ್ಷಣ ಪಾತ್ರೆಯ ಹೊರಮೈ ಮಸುಕಾಗಿ ತೇವವಾಗುತ್ತದೆ. ಕೆಲವೊಮ್ಮೆ ಹನಿ ಕಟ್ಟಿ, ಬರ್ನರಿನ ಮೇಲೆ ಬಿದ್ದು ಚುಂಯ್ ಎನ್ನುತ್ತದೆ. ಪಾತ್ರೆ ಬಿಸಿಯಾದೊಡನೆ ಎಲ್ಲ ಮಾಯ. ಪಾತ್ರೆ ಸೋರುತ್ತಿಲ್ಲ, ಒರೆಸಿದ್ದೂ ಸರಿಯಾಗಿಯೇ ಇದೆ. ಹಾಗಾದರೆ ಬೆಂಕಿಯ ಮೇಲಿಟ್ಟ ಪಾತ್ರೆಗೆ ಹೊರಗಿನಿಂದ ನೀರು ಎಲ್ಲಿಂದ ಬಂತು?

ಬೆಂಕಿಯಿಂದಲೇ ಬಂತು. ಸಿಲಿಂಡರಿನಲ್ಲಿ ಇರುವುದು ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯೂಟೇನ್. ಪ್ರೊಪೇನಿನ ಒಂದು ಅಣುವಿನಲ್ಲಿ 3 ಇಂಗಾಲ, 8 ಜಲಜನಕ; ಬ್ಯೂಟೇನಿನಲ್ಲಿ 4 ಮತ್ತು 10. ಮೂರನೆಯ ಮೂಲವಸ್ತು ಇಲ್ಲ. ಹೀಗೆ ಈ ಎರಡರಿಂದಷ್ಟೇ ಆದ ವಸ್ತುಗಳೆಲ್ಲ ಹೈಡ್ರೋಕಾರ್ಬನ್‌ಗಳು. ಉರಿಯುವಾಗ ಇಂಗಾಲವು ಗಾಳಿಯ ಆಮ್ಲಜನಕವನ್ನು ಕೂಡಿ ಇಂಗಾಲದ ಡೈಆಕ್ಸೈಡ್ ಆಗುತ್ತದೆ, ಜಲಜನಕವು ಅದೇ ಆಮ್ಲಜನಕವನ್ನು ಕೂಡಿ ನೀರಾಗುತ್ತದೆ. ಆ ನೀರು ಆವಿಯಾಗಿಯೇ ಹುಟ್ಟುವುದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲ. ತಣ್ಣನೆಯ ಪಾತ್ರೆ ಅಡ್ಡ ಬಂದಾಗ ಮಾತ್ರ ಒಂದಿಷ್ಟು ಸಿಕ್ಕಿಬೀಳುತ್ತದೆ.

ಇರುವಷ್ಟು ಕಾಲ ನೀರಿನ ಜೊತೆ ಬೆರೆಯದ ವಸ್ತು, ಹೋಗುವಾಗ ನೀರಾಗಿ ಹೋಗುತ್ತದೆ. ಇದು ನನ್ನನ್ನು ಬಿಡುತ್ತಿಲ್ಲ. ಕಂಡದ್ದನ್ನು, ಓದಿದ್ದನ್ನು ಈ ಒಂದು ಗಂಟಿನ ಸುತ್ತ ಬರೆದಿಡುತ್ತಿದ್ದೇನೆ.

*

ಲೆಕ್ಕ ಹಾಕಿ ನೋಡಿದೆ. ಮನೆಯ ಸಿಲಿಂಡರಿನಲ್ಲಿ 14.2 ಕೆಜಿ ಗ್ಯಾಸ್. ಬ್ಯೂಟೇನ್ ಎಂದೇ ಇಟ್ಟುಕೊಂಡರೆ, 58 ಗ್ರಾಂ ಉರಿದಾಗ 90 ಗ್ರಾಂ ನೀರು ಬರುತ್ತದೆ. ಅಂದರೆ ಒಂದು ಸಿಲಿಂಡರ್ ಮುಗಿಯುವಷ್ಟರಲ್ಲಿ ಅಡುಗೆಮನೆಯ ಗಾಳಿಗೆ ಸುಮಾರು 22 ಕೆಜಿ ನೀರು ಸೇರಿರುತ್ತದೆ. ಒಂದು ದೊಡ್ಡ ಬಕೆಟ್ಟಿಗೂ ಹೆಚ್ಚು! ಜೊತೆಗೆ ಸುಮಾರು 43 ಕೆಜಿ ಇಂಗಾಲದ ಡೈಆಕ್ಸೈಡ್. 14 ಕೆಜಿ ಒಳಗೆ ತಂದದ್ದು 65 ಕೆಜಿಯಾಗಿ ಹೊರಗೆ ಹೋಯಿತು. ನಡುವಿನ 51 ಕೆಜಿ ಕೊಟ್ಟದ್ದು ಗಾಳಿ. ‘ಸಿಲಿಂಡರ್ ಖಾಲಿಯಾಯಿತು’ ಎನ್ನುವಾಗ ಏನೋ ಇಲ್ಲವಾಯಿತು ಎಂಬ ಭಾವ ನಮ್ಮದು. ಪರಮಾಣುಗಳ ಕಡೆಯಿಂದ ನೋಡಿದರೆ ಒಂದೂ ಕಳೆದುಹೋಗಿಲ್ಲ. ಇನ್ನಷ್ಟನ್ನು ಕೂಡಿಸಿಕೊಂಡು ಮನೆ ಬಿಟ್ಟಿವೆ.

ಪೆಟ್ರೋಲಿನ ಲೆಕ್ಕ ಇನ್ನೂ ಅಚ್ಚರಿಯದು. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿದರೆ ಸರಿಸುಮಾರು ಒಂದು ಲೀಟರ್ ನೀರು. ಚಳಿಗಾಲದ ಬೆಳಗ್ಗೆ ಕಾರು ಚಾಲೂ ಮಾಡಿದಾಗ ಸೈಲೆನ್ಸರಿನಿಂದ ತೊಟ್ಟಿಕ್ಕುವುದು ಇದೇ ನೀರು. ಕೊಳವೆ ಬಿಸಿಯಾದ ಮೇಲೆ ತೊಟ್ಟಿಕ್ಕುವುದು ನಿಲ್ಲುತ್ತದೆ, ನೀರು ಬರುವುದು ನಿಲ್ಲುವುದಿಲ್ಲ. ಎತ್ತರದಲ್ಲಿ ಹಾರುವ ವಿಮಾನದ ಹಿಂದೆ ಉಳಿಯುವ ಬಿಳಿ ಗೆರೆಗೂ ಮೂಲ ಇದೇ. ಅದರ ಇಂಧನ ಸೀಮೆಎಣ್ಣೆಯ ಜಾತಿಯದು. ಅದು ಉರಿದು ಬಂದ ನೀರಾವಿ ಅಲ್ಲಿನ ಕೊರೆವ ಚಳಿಯಲ್ಲಿ ಕೂಡಲೇ ಹಿಮದ ಹರಳಾಗುತ್ತದೆ.

*

ಆ 51 ಕೆಜಿ ಆಮ್ಲಜನಕ ಬೇಕಾದರೆ ಒಲೆಗೆ ಸುಮಾರು 220 ಕೆಜಿ ಗಾಳಿ ಬೇಕು. ಗವಾಕ್ಷಿ ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇಡಬಾರದು ಎನ್ನುವುದಕ್ಕೆ ಈ ಲೆಕ್ಕ ಸಾಕು. ಗಾಳಿ ಸಾಲದಾದಾಗ ಇಂಗಾಲ ಅರ್ಧಕ್ಕೇ ನಿಂತು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದುಬಿಡುತ್ತದೆ. ಸ್ನಾನಕ್ಕೆ ಹೋದವರು ಹೊರಬರದ ಸುದ್ದಿ ಪ್ರತಿ ಚಳಿಗಾಲ ಓದಬೇಕಾಗಿ ಬರುವುದು ಸಂಕಟದ ಸಂಗತಿ. ಗೀಸರ್ ಹೊರಗೆ, ನೀರಿನ ಪೈಪ್ ಮಾತ್ರ ಒಳಗೆ. ಇಷ್ಟು ಮಾಡಿದರೆ ಜೀವ ಉಳಿಯುತ್ತದೆ.

ಸೋರಿದ ಗ್ಯಾಸಿನ ವಿಷಯವೂ ಇಲ್ಲೇ ಬರೆಯುತ್ತೇನೆ. ಪ್ರೊಪೇನ್, ಬ್ಯೂಟೇನ್ ಎರಡೂ ಗಾಳಿಗಿಂತ ಭಾರ. ಸೋರಿದರೆ ನೀರಿನಂತೆ ತಗ್ಗು ಹುಡುಕಿಕೊಂಡು ನೆಲದ ಮೇಲೆ ನಿಲ್ಲುತ್ತವೆ. ಮೇಲಿನ ಕಿಟಕಿಯೊಂದನ್ನೇ ತೆರೆದರೆ ಸಾಲದು, ಬಾಗಿಲನ್ನೂ ತೆರೆಯಬೇಕು. ನಮ್ಮ ಮೂಗಿಗೆ ಬಡಿಯುವ ಆ ಕೆಟ್ಟ ವಾಸನೆ ಹೈಡ್ರೋಕಾರ್ಬನಿನದಲ್ಲ. ಸೋರಿಕೆ ತಿಳಿಯಲೆಂದೇ ಬೆರೆಸಿದ ಗಂಧಕದ ಸಂಯುಕ್ತದ್ದು.

*

ಬೆರೆಯುವುದಿಲ್ಲ ಏಕೆ? ಎಣ್ಣೆಗೂ ನೀರಿಗೂ ಹಗೆ ಎಂಬ ಮಾತು ರೂಢಿಯಲ್ಲಿದೆ. ಹಗೆ ಇಲ್ಲ. ನೀರಿನ ಅಣುವಿನಲ್ಲಿ ಆಮ್ಲಜನಕದ ಬದಿಗೆ ತುಸು ಋಣ ವಿದ್ಯುದಂಶ, ಜಲಜನಕದ ಬದಿಗೆ ತುಸು ಧನ. ಹಾಗಾಗಿ ನೀರಿನ ಅಣುಗಳು ಒಂದನ್ನೊಂದು ಬಲವಾಗಿ ಎಳೆದುಕೊಂಡಿರುತ್ತವೆ. ಹೈಡ್ರೋಕಾರ್ಬನಿನಲ್ಲಿ ಅಂಥ ಋಣ–ಧನದ ಭೇದ ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೂ ನೀರಿಗೂ ನಡುವೆ ಸಣ್ಣ ಸೆಳೆತ ಇದ್ದೇ ಇದೆ, ಆದರೆ ನೀರಿಗೆ ನೀರಿನ ಮೇಲಿರುವ ಸೆಳೆತದ ಮುಂದೆ ಅದು ನಿಲ್ಲುವುದಿಲ್ಲ. ನೀರು ತನ್ನವರ ಕೂಡ ಸೇರಿಕೊಳ್ಳುತ್ತದೆ, ಉಳಿದದ್ದು ಹೊರಗೆ ಬೀಳುತ್ತದೆ.

ಹೊರಗೆ ಬಿದ್ದದ್ದು ಹಗುರವಾದ್ದರಿಂದ ತೇಲುತ್ತದೆ. ಪೆಟ್ರೋಲ್ ಅಥವಾ ಸೀಮೆಎಣ್ಣೆಗೆ ಹತ್ತಿದ ಬೆಂಕಿಗೆ ನೀರು ಸುರಿದರೆ ನೀರು ಅಡಿಗೆ ಹೋಗಿ, ಉರಿ ಅದರ ಮೇಲೆ ತೇಲುತ್ತ ಹರಡುವುದು ಇದರಿಂದಲೇ. ಮರಳು, ನೊರೆ, ಪುಡಿ ಬೇಕು.

ಪೆಟ್ರೋಲ್ ಬಂಕಿನ ತೊಟ್ಟಿಯ ತಳದಲ್ಲಿ ನೀರು ನಿಂತಿದೆಯೇ ಎಂದು ತಿಳಿಯಲು ಅಳತೆಗೋಲಿನ ತುದಿಗೆ ಒಂದು ಪೇಸ್ಟ್ ಹಚ್ಚಿ ಇಳಿಸುತ್ತಾರೆ. ನೀರು ತಾಗಿದಷ್ಟು ಭಾಗ ಬಣ್ಣ ಬದಲಿಸುತ್ತದೆ. ಈಗ ಪೆಟ್ರೋಲಿಗೆ ಶೇ 20ರಷ್ಟು ಎಥನಾಲ್ ಬೆರೆಸುವುದರಿಂದ ಲೆಕ್ಕ ಬದಲಾಗಿದೆ. ಎಥನಾಲಿನಲ್ಲಿ ಆಮ್ಲಜನಕ ಇದೆ, ಅದು ಎರಡೂ ಕಡೆ ಸಲ್ಲುತ್ತದೆ. ಸ್ವಲ್ಪ ನೀರನ್ನು ಪೆಟ್ರೋಲಿನೊಳಗೇ ಇರಗೊಡುತ್ತದೆ. ನೀರು ಮಿತಿ ಮೀರಿದರೆ ಎಥನಾಲ್ ಪೆಟ್ರೋಲನ್ನು ಬಿಟ್ಟು, ನೀರಿನ ಜೊತೆ ಸೇರಿ ತಳಕ್ಕೆ ಇಳಿದುಬಿಡುತ್ತದೆ. ಮಳೆಗಾಲದಲ್ಲಿ ಟ್ಯಾಂಕಿನ ಮುಚ್ಚಳ ಬಿಗಿಯಾಗಿರಬೇಕಾದ್ದು ಹಿಂದಿಗಿಂತ ಈಗ ಹೆಚ್ಚು ಮುಖ್ಯ.

*

ಊಟದ ಡಬ್ಬಿಯ ಕಲೆ. ಟೊಮೆಟೊ ಪಲ್ಯ ಒಯ್ದ ಪ್ಲಾಸ್ಟಿಕ್ ಡಬ್ಬಿ ಸಂಜೆಗೆ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ. ಸೋಪು ಹಾಕಿ ಎಷ್ಟು ತಿಕ್ಕಿದರೂ ಹೋಗದು. ಸ್ಟೀಲ್ ಡಬ್ಬಿಗೆ ಈ ತೊಂದರೆಯೇ ಇಲ್ಲ.

ಹುಡುಕಿದಾಗ ಸಿಕ್ಕಿದ್ದು: ಟೊಮೆಟೊದ ಕೆಂಪು ಲೈಕೊಪೀನ್ ಕೂಡ ಹೈಡ್ರೋಕಾರ್ಬನ್ನೇ. 40 ಇಂಗಾಲ, 56 ಜಲಜನಕ, ಅಷ್ಟೇ. ಗಜ್ಜರಿಯ ಕ್ಯಾರೊಟೀನಿಗೂ ಅದೇ ಸಂಖ್ಯೆಗಳು. ಅದರ ಸರಪಳಿಯ ಎರಡು ತುದಿಗಳು ಉಂಗುರವಾಗಿ ಸುತ್ತಿಕೊಂಡಿವೆ ಎಂಬುದೊಂದೇ ವ್ಯತ್ಯಾಸ. ತಿನ್ನುವ ತರಕಾರಿಯ ಬಣ್ಣವೂ ಸಿಲಿಂಡರಿನ ಗ್ಯಾಸೂ ಒಂದೇ ಮನೆತನ ಎಂದು ತಿಳಿದಾಗ ನಾನು ಅದನ್ನು ಮತ್ತೊಮ್ಮೆ ಓದಿಕೊಂಡೆ. ಸಾರಿನ ಮೇಲೆ ತೇಲುವ ಒಗ್ಗರಣೆಯ ಎಣ್ಣೆ ಕೆಂಪಾಗಿ, ಕೆಳಗಿನ ತಿಳಿ ಪೇಲವವಾಗಿ ಇರುವುದು ಏಕೆಂದೂ ಇದರಿಂದ ತಿಳಿಯಿತು: ಬಣ್ಣ ಎಣ್ಣೆಗೆ ಹೋಗುತ್ತದೆ, ನೀರಿಗಲ್ಲ. (ಅಡುಗೆ ಎಣ್ಣೆ ಪೂರಾ ಹೈಡ್ರೋಕಾರ್ಬನ್ ಅಲ್ಲ, ಅದರಲ್ಲಿ ಆಮ್ಲಜನಕ ಇದೆ. ಆದರೆ ಅದರ ಉದ್ದನೆಯ ಬಾಲಗಳು ಹೈಡ್ರೋಕಾರ್ಬನ್ ಸರಪಳಿಗಳೇ.)

ಡಬ್ಬಿಯಾದರೋ ಹೆಚ್ಚಾಗಿ ಪಾಲಿಪ್ರೊಪಿಲೀನ್, ಸಾವಿರಾರು ಇಂಗಾಲಗಳ ಹೈಡ್ರೋಕಾರ್ಬನ್. ಎಣ್ಣೆಯಲ್ಲಿ ಕರಗಿದ ಲೈಕೊಪೀನ್ ಬಿಸಿಯಲ್ಲಿ ಅದರ ಮೈಯೊಳಕ್ಕೇ ಇಳಿಯುತ್ತದೆ. ಸೋಪಿನ ಅಣುವಿಗೆ ಒಂದು ತುದಿಯಲ್ಲಿ ಹೈಡ್ರೋಕಾರ್ಬನ್ ಬಾಲ, ಇನ್ನೊಂದು ತುದಿಯಲ್ಲಿ ನೀರಿಗೆ ಒಗ್ಗುವ ತಲೆ; ಮೇಲ್ಮೈಯ ಜಿಡ್ಡನ್ನು ಅದು ಹಿಡಿದು ನೀರಿಗೆ ಒಪ್ಪಿಸುತ್ತದೆ, ಒಳಗಿಳಿದದ್ದು ಅದರ ಕೈಗೆ ಸಿಗದು. ಬಿಸಿಲಲ್ಲಿಟ್ಟರೆ ಕಲೆ ತಾನಾಗಿ ಮಾಸುತ್ತದೆ. ಬಣ್ಣ ಕೊಡುವ ಸಾಲುಸಾಲು ಜೋಡಿಬಂಧಗಳನ್ನು ಬೆಳಕು ಮತ್ತು ಆಮ್ಲಜನಕ ಸೇರಿ ಮುರಿಯುತ್ತವೆ.

*

ಹೈಡ್ರೋಕಾರ್ಬನ್ ಸರಪಳಿಯ ಉದ್ದ ಹೆಚ್ಚಿದಂತೆ ಗುಣ ಬದಲಾಗುತ್ತದೆ ಎಂದು ಶಾಲೆಯಲ್ಲಿ ಓದುತ್ತೇವೆ. 1ರಿಂದ 4 ಇಂಗಾಲವಿದ್ದರೆ ಅನಿಲ, ಮುಂದೆ ದ್ರವ, ಇನ್ನೂ ಮುಂದೆ ಮೇಣ. ಗಡಿ ಎಲ್ಲಿದೆ ಎಂದು ನೋಡಿದರೆ ನಮ್ಮ ಕೋಣೆಯಲ್ಲೇ ಇದೆ: 17 ಇಂಗಾಲದ ನೇರ ಸರಪಳಿ 22 ಡಿಗ್ರಿಗೆ ಕರಗುತ್ತದೆ, 18 ಇಂಗಾಲದ್ದು 28ಕ್ಕೆ. 25 ಡಿಗ್ರಿಯ ಕೋಣೆಯಲ್ಲಿ ಒಂದು ಹರಿಯುತ್ತದೆ, ಒಂದೇ ಇಂಗಾಲ ಹೆಚ್ಚಿದ ಇನ್ನೊಂದು ಗಟ್ಟಿಯಾಗಿ ಕೂರುತ್ತದೆ.

*

ಈ ಸಾಲಿನ ಮೊದಲನೆಯದು, ಒಂದೇ ಇಂಗಾಲದ ಮೀಥೇನ್, ಮೊದಲು ಸಿಕ್ಕಿದ್ದು ನೀರಿನಲ್ಲೇ. 1776ರಲ್ಲಿ ಇಟಲಿಯ ಅಲೆಸ್ಸಾಂಡ್ರೊ ವೋಲ್ಟ ಮಾಜೋರೆ ಸರೋವರದ ಅಂಚಿನ ಕೆಸರನ್ನು ಕೋಲಿನಿಂದ ಕದಡಿ, ಎದ್ದ ಗುಳ್ಳೆಗಳನ್ನು ಸೀಸೆಯಲ್ಲಿ ಹಿಡಿದು ಹಚ್ಚಿ ನೋಡಿದ. ನೀರಿನಲ್ಲಿ ಕರಗದ್ದರಿಂದ ಗುಳ್ಳೆಯಾಗಿ ಮೇಲೆ ಬಂತು. ಕರಗುವಂತಿದ್ದರೆ ಅವನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಶಿರಸಿ ಕಡೆಯ ಮನೆಗಳ ಗೋಬರ್ ಗ್ಯಾಸ್ ಗುಂಡಿಯಲ್ಲಿ ನಡೆಯುವುದೂ ಇದೇ. ಗಾಳಿಯಾಡದ ಸಗಣಿನೀರಿನಲ್ಲಿ ಸೂಕ್ಷ್ಮಜೀವಿಗಳು ಮೀಥೇನ್ ಮಾಡುತ್ತವೆ. ಬರುವ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಮೀಥೇನ್, ಉಳಿದದ್ದು ಬಹುಪಾಲು ಇಂಗಾಲದ ಡೈಆಕ್ಸೈಡ್. ಜೊತೆಗೆ ನೀರಾವಿಯೂ ಬರುತ್ತದೆ. ಪೈಪಿನ ತಗ್ಗಿನಲ್ಲಿ ನೀರು ಕಟ್ಟಿದರೆ ಒಲೆಯ ಉರಿ ಕುಣಿಯತೊಡಗುತ್ತದೆ, ಪೈಪಿನ ನೀರು ಬಿಡಬೇಕು. ಇಲ್ಲೂ ನೀರು ಬೆನ್ನು ಬಿಡದು: ಹುಟ್ಟುವಾಗ ಸುತ್ತ ನೀರು, ದಾರಿಯಲ್ಲಿ ನೀರು, ಉರಿದ ಮೇಲೂ ನೀರು.

*

ಉಡುಪಿ ಜಿಲ್ಲೆಯ ಪಾದೂರಿನಲ್ಲಿ ನೆಲದಡಿಯ ಬಂಡೆ ಕೊರೆದು ಮಾಡಿದ ಗುಹೆಗಳಲ್ಲಿ ದೇಶದ ತುರ್ತು ಕಾಲಕ್ಕೆಂದು 25 ಲಕ್ಷ ಟನ್ ಕಚ್ಚಾತೈಲ ಇಡಬಹುದು. ಮಂಗಳೂರಿನ ಗುಹೆಗಳಲ್ಲಿ 15 ಲಕ್ಷ ಟನ್. ಗುಹೆಗೆ ಉಕ್ಕಿನ ಒಳಗೋಡೆ ಇಲ್ಲ. ಬಂಡೆಯಲ್ಲಿ ಬಿರುಕು ಇದ್ದೇ ಇರುತ್ತದೆ. ಹಾಗಿದ್ದೂ ಎಣ್ಣೆ ಏಕೆ ಸೋರಿಹೋಗುವುದಿಲ್ಲ?

ಬಿರುಕುಗಳ ತುಂಬ ನೀರಿದೆ. ಗುಹೆಯನ್ನು ಅಂತರ್ಜಲದ ಮಟ್ಟಕ್ಕಿಂತ ಸಾಕಷ್ಟು ಕೆಳಗೆ ಕೊರೆಯುತ್ತಾರೆ. ಮೇಲ್ಗಡೆ ಬೇರೆ ಸುರಂಗದಿಂದ ರಂಧ್ರ ಕೊರೆದು ನೀರು ಊಡಿಸಿ ಒತ್ತಡ ಕಾಯುತ್ತಾರೆ. ಸುತ್ತಲ ನೀರಿನ ಒತ್ತಡ ಒಳಗಿನ ಎಣ್ಣೆಯ ಒತ್ತಡಕ್ಕಿಂತ ಹೆಚ್ಚು. ಹಾಗಾಗಿ ನೀರು ಒಳಕ್ಕೆ ಜಿನುಗುತ್ತದೆಯೇ ಹೊರತು ಎಣ್ಣೆ ಹೊರಕ್ಕೆ ಹೋಗದು. ಜಿನುಗಿದ ನೀರು ಎಣ್ಣೆಗೆ ಬೆರೆಯದೆ ತಳಕ್ಕಿಳಿಯುತ್ತದೆ, ಪಂಪಿನಿಂದ ಎತ್ತಿ ಶುದ್ಧ ಮಾಡುತ್ತಾರೆ. ನೀರು ಸೋರುವುದೇ ಇಲ್ಲಿ ಬೀಗ. ಕರಾವಳಿಯ ಮಳೆ ಮತ್ತು ಬಂಡೆ ಎರಡೂ ಸೇರಿ ತೊಟ್ಟಿಯಾಗುವ ಈ ಉಪಾಯವನ್ನು ಮೊದಲು ಯೋಚಿಸಿದವರ ಬುದ್ಧಿಗೆ ನಮಸ್ಕಾರ. ಇದೆಲ್ಲ ನಿಂತಿರುವುದು ಅಂತರ್ಜಲದ ಮೇಲೆ ಎಂಬುದನ್ನೂ ಮರೆಯುವಂತಿಲ್ಲ.

*

ಬೆರೆಯದು ಎಂದು ಬರೆದ ಮೇಲೆ ಎದುರಿಗೆ ಬಂದು ನಿಂತದ್ದು ಮೀಥೇನ್ ಹೈಡ್ರೇಟ್. ಆಳ ಸಮುದ್ರದ ಚಳಿ ಮತ್ತು ಒತ್ತಡದಲ್ಲಿ ನೀರಿನ ಅಣುಗಳು ಪಂಜರ ಕಟ್ಟಿ, ಒಳಗೆ ಒಂದೊಂದು ಮೀಥೇನ್ ಅಣುವನ್ನು ಕೂಡಿಹಾಕುತ್ತವೆ. ನೋಡಲು ಹಿಮ, ಕಡ್ಡಿ ಗೀರಿದರೆ ಉರಿಯುತ್ತದೆ, ಉರಿದಂತೆ ನೀರು ತೊಟ್ಟಿಕ್ಕುತ್ತದೆ. ಒಂದು ಘನ ಮೀಟರ್ ಹೈಡ್ರೇಟಿನಲ್ಲಿ ಸುಮಾರು 160 ಘನ ಮೀಟರ್ ಅನಿಲ ಅಡಗಿರುತ್ತದೆ. 2006ರಲ್ಲಿ ನಮ್ಮ ದೇಶದ ಶೋಧಯಾನ ಕೃಷ್ಣಾ–ಗೋದಾವರಿ ತೀರದಾಚೆಯ ಕಡಲತಳದಲ್ಲಿ ಇದರ ದಪ್ಪ ಪದರಗಳನ್ನು ಕಂಡಿತು.

ಇದು ಬೆರೆಯುವುದೇ? ಪಂಜರಕ್ಕೂ ಒಳಗಿನದಕ್ಕೂ ರಾಸಾಯನಿಕ ಬಂಧವಿಲ್ಲ. ನೀರು ಇಲ್ಲಿಯೂ ನೀರನ್ನೇ ಹಿಡಿದುಕೊಂಡಿದೆ, ನಡುವಿನ ಖಾಲಿ ಜಾಗದಲ್ಲಿ ಮೀಥೇನ್ ಇದೆ. ಆದರೆ ಮೀಥೇನ್ ಇಲ್ಲದಿದ್ದರೆ ಪಂಜರ ನಿಲ್ಲುವುದೂ ಇಲ್ಲ. ಈ ಪ್ರಶ್ನೆಯ ಮುಂದೆ ಉತ್ತರ ಬರೆಯದೆ ಬಿಟ್ಟಿದ್ದೇನೆ. 2010ರಲ್ಲಿ ಮೆಕ್ಸಿಕೊ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ಕೊರೆವೇದಿಕೆಯ ತೈಲಬಾವಿ ಸೋರಿದಾಗ ಅದರ ಮೇಲೆ ಇಳಿಸಿದ ಉಕ್ಕಿನ ಗುಮ್ಮಟದೊಳಗೆ ಕಟ್ಟಿಕೊಂಡು ಅದನ್ನು ನಿಷ್ಫಲ ಮಾಡಿದ್ದು ಇವೇ ಹೈಡ್ರೇಟ್ ಹರಳುಗಳು.

*

ಎಲೆಕೋಸಿನ ಹೊರ ಎಲೆಯ ಮೇಲೆ ನೀರು ನಿಲ್ಲದೆ ಉರುಳುತ್ತದೆ. ಎಲೆಯ ಮೇಲಿನ ಬೂದುಬಣ್ಣದ ಮೇಣದಲ್ಲಿ ಮುಖ್ಯವಾದುದು 29 ಇಂಗಾಲದ ಹೈಡ್ರೋಕಾರ್ಬನ್. ಕೀಟಗಳ ಮೈಮೇಲೂ ಇಂಥದೇ ತೆಳು ಲೇಪವಿದೆ. ಇರುವೆಯ ಮೈಯೊಳಗಿನ ಒಂದಿಷ್ಟು ನೀರು ಬಿಸಿಲಿಗೆ ಆರಿಹೋಗದಂತೆ ಕಾಯುವುದು ಅದು. ಬಿತ್ತನೆಯ ಕಾಳಿಗೆ ಬೂದಿ ಬೆರೆಸಿಡುವ ನಮ್ಮ ಹಳೆಯ ಕ್ರಮ ಫಲ ಕೊಡಲು ಇದೂ ಒಂದು ಕಾರಣ. ಬೂದಿಯ ಕಣಗಳು ಹುಳುವಿನ ಮೇಣ ಕೆರೆದು ಹೀರುತ್ತವೆ, ಹುಳು ನೀರಾರಿ ಸಾಯುತ್ತದೆ.

ಅದೇ ಲೇಪಕ್ಕೆ ಇನ್ನೊಂದು ಕೆಲಸವೂ ಇದೆ. ಯಾವ ಉದ್ದದ ಸರಪಳಿ ಎಷ್ಟಿದೆ ಎಂಬ ಮಿಶ್ರಣವನ್ನು ಮೀಸೆಯಿಂದ ಮುಟ್ಟಿ ನೋಡಿ ಇರುವೆ ತನ್ನ ಗೂಡಿನವರನ್ನು ಗುರುತಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್ಕರ್ ಮತ್ತು ಸಂಗಡಿಗರು ದಶಕಗಳ ಕಾಲ ಗಮನಿಸಿದ ರೊಪಲಿಡಿಯಾ ಮಾರ್ಜಿನೇಟಾ ಎಂಬ ಕಣಜದಲ್ಲಿ ರಾಣಿ ಬಡಿದಾಡಿ ಆಳುವುದಿಲ್ಲ. ಹೊಟ್ಟೆಯನ್ನು ಗೂಡಿಗೆ ಉಜ್ಜುತ್ತ ಓಡಾಡುತ್ತದೆ. ಅದರ ಒಂದು ಗ್ರಂಥಿಯ ಉದ್ದ ಸರಪಳಿಯ ಹೈಡ್ರೋಕಾರ್ಬನ್‌ಗಳು ಹಾಗೆ ಗೂಡಿಗೆ ಅಂಟಿ, ರಾಣಿ ಇದ್ದಾಳೆ ಎಂಬುದನ್ನು ಕೆಲಸಗಾರ ಕಣಜಗಳಿಗೆ ತಿಳಿಸುತ್ತವೆ ಎಂಬುದು ಅವರು ಕಂಡುಕೊಂಡದ್ದು. ಇಷ್ಟು ಉದ್ದದ ಅಣು ಗಾಳಿಯಲ್ಲಿ ಬೇಗ ಹಾರಿಹೋಗದು, ನೀರಿನಲ್ಲಿ ಕರಗದು. ಒಣಗದಂತೆ ಕಾಯಲು ಮೈಮೇಲೆ ಮೊದಲೇ ಇದ್ದಂಥ ವಸ್ತುವೇ ಮಾತಿಗೂ ಒದಗಿತು ಎಂದು ನನಗೆ ತೋರುತ್ತದೆ. ರಾಣಿಯನ್ನು ಗೂಡಿನಿಂದ ತೆಗೆದರೆ ಕೆಲಸಗಾರರಲ್ಲಿ ಒಂದು ಕಣಜ ಸ್ವಲ್ಪ ಹೊತ್ತಿನಲ್ಲೇ ಬಹಳ ಜಗಳಗಂಟಿಯಾಗುತ್ತದೆ, ಮುಂದಿನ ರಾಣಿ ಅದೇ.