ಕೂರ್ಮಕ್ಕೊಂದು ಆರೋಗ್ಯಶಾಲೆ

ಮಾಲೂರು ತಾಲ್ಲೂಕಿನ ನಮ್ಮ ಶಿವಾರಪಟ್ಟಣವು ಶಿಲ್ಪಿಗಳ ಊರೆಂಬುದನ್ನು ವಾಚಕರಲ್ಲಿ ಅನೇಕರು ಬಲ್ಲರು. ದಶಾವತಾರದ ಫಲಕಗಳಲ್ಲಿಯೂ ದೇವತಾಪೀಠಗಳಲ್ಲಿಯೂ ನಾವು ಕಂಡ ಕಲ್ಲಿನ ಕೂರ್ಮಗಳಿಗೆ ಲೆಕ್ಕವಿಲ್ಲ. ಪಾಠಶಾಲೆಯಲ್ಲಿಯೂ ಅದೇ ಕೂರ್ಮ. ಆಮೆಯು ಅಂಗಗಳನ್ನು ಒಳಕ್ಕೆಳೆದುಕೊಳ್ಳುವಂತೆ ಇಂದ್ರಿಯಗಳನ್ನು ಅಡಗಿಸತಕ್ಕದ್ದೆಂದು ಗೀತೆಯ ದೃಷ್ಟಾಂತವನ್ನು ವಿವರಿಸುತ್ತಿದ್ದೆವು. ತಾಯಿಯಾಮೆಯು ದೂರದಲ್ಲಿದ್ದು ಸ್ಮರಣಮಾತ್ರದಿಂದಲೇ ಮರಿಗಳನ್ನು ಪೋಷಿಸುವುದೆಂದೂ ಹೇಳುತ್ತಿದ್ದೆವು. ಮೂವತ್ತು ವರ್ಷ ಹೀಗೆ ಬೋಧಿಸಿದ ನಾವು ಕಡಲಾಮೆಯನ್ನು ಕಂಡೇ ಇರಲಿಲ್ಲ.

ಕಳೆದ ಮಾಘದಲ್ಲಿ ಹೊನ್ನಾವರದ ಬಂಧುಗಳ ಮನೆಗೆ ಹೋಗಿದ್ದಾಗ ಕಾಸರಕೋಡು ಟೊಂಕದ ಮರಳಿನ ಮೇಲೆ ಅದರ ದರ್ಶನವಾಯಿತು. ಹರಿದ ಬಲೆಯ ಹಗ್ಗವು ಮುಂಗಾಲಿಗೆ ಬಿಗಿದು ಎಲುಬಿನವರೆಗೆ ಕೊರೆದಿದ್ದಿತು. ಕಾಲೆಂದರೆ ಕಾಲಲ್ಲ, ದೋಣಿಯ ಹುಟ್ಟು! ಕೊಳದ ಆಮೆಯಂತೆ ಕಡಲಾಮೆಯು ತಲೆಯನ್ನಾಗಲಿ ಕಾಲನ್ನಾಗಲಿ ಚಿಪ್ಪಿನೊಳಗೆ ಸೆಳೆದುಕೊಳ್ಳಲಾರದೆಂದು ಅಲ್ಲಿಯ ಮೀನುಗಾರರು ತಿಳಿಸಿದರು. ಅವರೇ ಹಗ್ಗವನ್ನು ಕೊಯ್ದು, ಒದ್ದೆಗೋಣಿಯನ್ನು ಹೊದಿಸಿ ನೆರಳು ಮಾಡಿದರು. “ಇದನ್ನು ಎಲ್ಲಿಗೆ ಒಯ್ಯುವುದು?” ಎಂದು ಒಬ್ಬನು ಕೇಳಿದನು. ಯಾರೂ ಉತ್ತರ ಹೇಳಲಿಲ್ಲ. ಸಂಜೆಗೆ ಅದು ಸತ್ತಿತು.

ಸ್ಮರಣೆಯ ಮಾತೂ ಹಾಗೆಯೇ ಆಯಿತು. ಆಲಿವ್ ರಿಡ್ಲಿಯೆಂಬ ಈ ಜಾತಿಯ ತಾಯಿಯು ನೂರರಷ್ಟು ಮೊಟ್ಟೆಗಳನ್ನು ಮರಳಿನಲ್ಲಿ ಹುದುಗಿಸಿ ಕಡಲಿಗೆ ಮರಳಿದರೆ ಮತ್ತೆ ಆ ಗೂಡನ್ನು ನೋಡುವುದಿಲ್ಲ. ಸುಮಾರು 50 ದಿನ ಮರಳಿನ ಶಾಖವೇ ಅವುಗಳಿಗೆ ತಾಯಿ. ಮರಿಯು ಹೆಣ್ಣೋ ಗಂಡೋ ಎಂಬುದನ್ನು ಗೊತ್ತುಮಾಡುವುದೂ ಆ ಶಾಖವೇ. ಶಿಷ್ಯರನ್ನು ನೆನೆದು ನಮಗೆ ಸ್ವಲ್ಪ ಲಜ್ಜೆಯಾಯಿತು.

ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯದ ಸಾಗರ ಜೀವಶಾಸ್ತ್ರ ವಿಭಾಗವಿರುವುದಷ್ಟೆ. ಅಮೆರಿಕದ ಫ್ಲಾರಿಡಾದಲ್ಲಿ, ಮ್ಯಾರಥಾನೆಂಬ ಊರಿನಲ್ಲಿ, 1986ರಿಂದ ಆಮೆಗಳಿಗೆಂದೇ ಆಸ್ಪತ್ರೆಯಿದೆ. ವಿದ್ಯೆಯೂ ಚಿಕಿತ್ಸೆಯೂ ಒಂದೇ ಸೂರಿನಡಿ ಕೂಡುವ ಆಲಯವೊಂದು ಟೊಂಕದ ಸಮೀಪದಲ್ಲಿಯೂ ಏಳಬೇಕೆಂಬುದು ನಮ್ಮ ಆಶೆ. ಕಟ್ಟಡಕ್ಕೆ ಹಣ ದೊರೆಯುವುದು ಸುಲಭ, ಉದ್ಘಾಟನೆಗೆ ಹಾರವೂ ದೊರೆಯುವುದು. ಹಗಲಿರುಳು ಶುದ್ಧವಾದ ಕಡಲನೀರನ್ನು ತೊಟ್ಟಿಗಳಿಗೆ ಹಾಯಿಸುವುದು, ನುಂಗಿದ ಗಾಳವನ್ನು ಎಕ್ಸ್‌ರೇಯಿಂದ ಹುಡುಕುವುದು, ತಿಂಗಳುಗಟ್ಟಲೆ ಮಾಯದ ಗಾಯಕ್ಕೆ ಮದ್ದಿಡುವ ವೈದ್ಯನಿಗೆ ವೇತನ ಕೊಡುವುದು, ಇವು ಕಷ್ಟ. ಅದಕ್ಕಿಂತ ಮುಖ್ಯವಾಗಿ, ಅದನ್ನು ದಡದಿಂದ ಹಿಂದಕ್ಕೆ ಸರಿಸಿ ಕಟ್ಟತಕ್ಕದ್ದು. ಮೊಟ್ಟೆಯೊಡೆದ ಮರಿಗಳು ಬೆಳಕಿರುವ ದಿಕ್ಕನ್ನೇ ಕಡಲೆಂದು ನಂಬಿ ಹರಿಯುತ್ತವೆ. ಆಸ್ಪತ್ರೆಯ ದೀಪವೇ ಅವುಗಳನ್ನು ನೆಲದ ಕಡೆಗೆ ಸೆಳೆದು ಕೊಂದೀತು.

ಊರಿಗೆ ಬಂದು ಇದನ್ನೆಲ್ಲ ನೆರೆಮನೆಯ ಶಿಲ್ಪಿಗೆ ಹೇಳಿ, ಹಲಗೆಯ ಮೇಲೆ ಹುಟ್ಟಿನಂಥ ಕಾಲನ್ನು ಬರೆದು ತೋರಿಸಿದೆವು. ಅವನು ಬಹಳ ಹೊತ್ತು ನೋಡಿದನು. “ಪೀಠದ ಕೂರ್ಮಕ್ಕೆ ಬೆರಳೇ ಇರಲಿ ಸ್ವಾಮಿ, ಅದು ಶಾಸ್ತ್ರ. ಆ ಮನೆ ಎದ್ದರೆ ಇಂಥದನ್ನೊಂದು ಬಾಗಿಲಿಗೆ ಕಡೆದುಕೊಡುತ್ತೇನೆ” ಎಂದನು. ಬಾಗಿಲಿಗೆ ಬೇಡ, ಗರ್ಭಗೃಹದ ಅಡಿಯಲ್ಲಿ ಕೂರ್ಮಶಿಲೆಯನ್ನಿಡುವಂತೆ ತಳಪಾಯದಲ್ಲಿಡಲಿ ಎಂದೆವು. ಕಾಣದ ಕಡೆಗೆ ಕೆತ್ತನೆಯೇಕೆಂದು ನಕ್ಕನಾದರೂ, ಹಲಗೆಯನ್ನು ಅವನು ಹಿಂದಿರುಗಿಸಲಿಲ್ಲ.