ಸವೆಯುವ ಇಂಗಾಲ ಕಲಿಸಿದ ಪಾಠ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕಳುಹಿಸಬೇಕೆಂದು ಶಾಲೆಯಿಂದ ಪತ್ರ ಬಂದಾಗ, ವಿದ್ಯುತ್ ಯಂತ್ರಗಳ ದುರಸ್ತಿಯಲ್ಲಿಯೇ ಆಯುಷ್ಯ ಕಳೆದ ನಾನು ಬರೆಯಬಹುದಾದದ್ದೇನು ಎಂದು ಸಂಕೋಚವಾಯಿತು. ಆಗ ನೆನಪಾದದ್ದು ಬೆರಳುದ್ದವೂ ಇಲ್ಲದ ಒಂದು ಕರಿಯ ತುಂಡು, ಕಾರ್ಬನ್ ಬ್ರಷ್.

ನೇರ ವಿದ್ಯುತ್ತಿನ ಮೋಟಾರಿನಲ್ಲಿ, ನಮ್ಮ ಅಡಿಗೆಮನೆಯ ಮಿಕ್ಸಿಯಲ್ಲಿ ಕೂಡ, ತಿರುಗುವ ಸುರುಳಿಗಳಿಗೆ ವಿದ್ಯುತ್ತನ್ನು ಮುಟ್ಟಿಸುವುದು ಇದೇ. ತಾಮ್ರದ ಪಟ್ಟಿಗಳಿಂದಾದ ಕಮ್ಯುಟೇಟರಿನ ಮೇಲೆ ಇದು ಸದಾ ಉಜ್ಜಿಕೊಂಡಿರುತ್ತದೆ. ಮೊದಲು ಈ ಕೆಲಸಕ್ಕೆ ತಾಮ್ರದ ತಂತಿಗಳ ಕಂತೆಯನ್ನು ಬಳಸುತ್ತಿದ್ದರು. ಬ್ರಷ್ ಎಂಬ ಹೆಸರು ಅದರಿಂದ ಬಂದದ್ದು. ತಾಮ್ರವು ತಾಮ್ರವನ್ನು ತಿನ್ನುತ್ತಿತ್ತು, ಕಿಡಿಗಳು ಹಾರುತ್ತಿದ್ದವು. 1885ರಲ್ಲಿ ಸ್ಕಾಟ್ಲೆಂಡಿನ ಜಾರ್ಜ್ ಫೋರ್ಬ್ಸ್ ಅವರು ಇಂಗಾಲದ ಬಳಕೆಗೆ ಪೇಟೆಂಟ್ ಪಡೆದರು. ಇಂಗಾಲವು ವಿದ್ಯುತ್ತನ್ನು ತಾಮ್ರದಷ್ಟು ಸರಾಗವಾಗಿ ಸಾಗಿಸದು. ಆದರೆ ಆ ಕೊರತೆಯೇ ಇಲ್ಲಿ ಗುಣವಾಯಿತು. ಬ್ರಷ್ಷು ಎರಡು ಪಟ್ಟಿಗಳನ್ನು ಒಮ್ಮೆಗೇ ಮುಟ್ಟುವ ಕ್ಷಣದಲ್ಲಿ ಹರಿಯುವ ವ್ಯರ್ಥ ಪ್ರವಾಹವನ್ನು ಅದರ ರೋಧವು ಅಡಗಿಸುತ್ತದೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಾರ್ಖಾನೆಯ ಒಂದು ದೊಡ್ಡ ಮೋಟಾರಿನ ಕಮ್ಯುಟೇಟರಿನ ಮೇಲೆ ಕಂದು ಪೊರೆಯನ್ನು ಕಂಡೆ. ಕೊಳೆಯೆಂದು ಬಗೆದು ಉಪ್ಪು ಕಾಗದದಿಂದ ತಿಕ್ಕಿ ತಾಮ್ರವನ್ನು ಹೊಳೆಯಿಸಿದೆ. ಹೆಚ್ಚು ಕಾಲ ಬಾಳಲಿ ಎಂದು ಗಡುಸಾದ ಬ್ರಷ್ಷುಗಳನ್ನೂ ಹಾಕಿದೆ. ಕೆಲವೇ ದಿನಗಳಲ್ಲಿ ಕಿಡಿ ಹಾರತೊಡಗಿತು. ತಾಮ್ರದ ಮೇಲೆ ಗೀರುಗಳೆದ್ದವು. ಯಂತ್ರ ನಿಂತಿತು.

ನಮ್ಮ ಹಿರಿಯ ಮೇಸ್ತ್ರಿಗಳು ನೋಡಿ ಇಷ್ಟೇ ಹೇಳಿದರು: “ತಮ್ಮಾ, ನೀ ತೆಗೆದದ್ದು ಹೊಲಸಲ್ಲ, ಅದರ ಚರ್ಮ. ಬ್ರಷ್ಷು ಸವೀಲಿಕ್ಕೇ ಇರೋದು. ಅದು ಸವೀಲಿಲ್ಲಂದ್ರ ತಾಮ್ರ ಸವೀತದ.”

ಆ ಪೊರೆಯು ತಾಮ್ರದ ಆಕ್ಸೈಡು, ಗ್ರಾಫೈಟು ಮತ್ತು ಗಾಳಿಯ ತೇವ ಸೇರಿ ಆದದ್ದೆಂದು ಮುಂದೆ ಓದಿ ತಿಳಿದೆ. ಗ್ರಾಫೈಟಿನ ಪದರಗಳು ಜಾರುವುದಕ್ಕೆ ತೇವವೂ ಬೇಕು. ಎರಡನೆಯ ಮಹಾಯುದ್ಧದಲ್ಲಿ ಬಹು ಎತ್ತರದಲ್ಲಿ ಹಾರಿದ ವಿಮಾನಗಳ ಜನರೇಟರುಗಳಲ್ಲಿ, ಅಲ್ಲಿಯ ಒಣ ಗಾಳಿಗೆ, ಬ್ರಷ್ಷುಗಳು ಬೇಗನೆ ಪುಡಿಪುಡಿಯಾದವು. 2,500 ಡಿಗ್ರಿ ಸೆಲ್ಸಿಯಸ್‌ಗೂ ಮಿಕ್ಕ ಶಾಖದಲ್ಲಿ ಬೆಂದು ಬಂದ ವಸ್ತುವಿಗೂ ಗಾಳಿಯ ಹನಿ ತೇವದ ಹಂಗು ತಪ್ಪಲಿಲ್ಲ!

ವಿಚಾರಣೆ ನಡೆದಾಗ ಮೇಸ್ತ್ರಿಗಳು, “ಹುಡುಗನದು ತಪ್ಪಲ್ಲ, ನಾನು ನೋಡಿಕೊಳ್ಳಬೇಕಾಗಿತ್ತು” ಎಂದರು. ಆ ವರ್ಷದ ಅವರ ಬಡ್ತಿ ತಪ್ಪಿತು. ನಾನು ಬಾಯಿ ಬಿಡಲಿಲ್ಲ. ಅವರು ತೀರಿಕೊಂಡ ಮೇಲೆ ಹೇಳುವುದಕ್ಕೆ ಯಾರೂ ಉಳಿಯಲಿಲ್ಲ. ಆದುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಕಾಯಕವೆಂಬ ಮಾತನ್ನು ಈ ಶಾಲೆಯ ಪ್ರಾರ್ಥನೆಯ ಹೊತ್ತಿನಲ್ಲಿ ನಿತ್ಯ ಕೇಳಿದ್ದೆ. ಅದರ ಅರ್ಥವನ್ನು ಕಂಡದ್ದು ಆ ವಿಚಾರಣೆಯ ಕೋಣೆಯಲ್ಲಿ. ನಮ್ಮನ್ನು ಉಳಿಸಲು ತಾವು ಸವೆದ ಗುರುಗಳು ಈ ಶಾಲೆಯಲ್ಲಿಯೂ ಇದ್ದರು. ಅವರೆಲ್ಲರಿಗೂ, ಆ ಮೇಸ್ತ್ರಿಗಳಿಗೂ ಶರಣು ಶರಣಾರ್ಥಿ.