ಅರ್ಧ ಗಂಟೆಯ ಡ್ರಿಪ್

6 ಮೇ 2024, ಸೋಮವಾರ

ಟೀಚರಮ್ಮನಿಗೆ ಇವತ್ತು ಮೊದಲ ಸಲ ‘ನ್ಯಾಬ್’ ಹಾಕಿದೆವು, ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕ್ಯಾನ್ಸರ್ ಔಷಧದ ಹೊಸ ರೂಪ. ಮೂರು ವಾರದ ಹಿಂದೆ ಹಳೆಯ ಪ್ಯಾಕ್ಲಿಟ್ಯಾಕ್ಸೆಲ್ ಶುರುವಾಗಿ ಹತ್ತು ನಿಮಿಷ ಕೂಡ ಆಗಿರಲಿಲ್ಲ, ಅವರ ಮುಖ ಕೆಂಪಗಾಯಿತು. “ಎದೆ ಬಿಗಿತಾ ಇದೆ ಸಿಸ್ಟರ್” ಅಂದವರಿಗೆ ಮುಂದೆ ಮಾತೇ ಹೊರಡಲಿಲ್ಲ. ಅಲರ್ಜಿ ತಡೆಯುವ ಡೆಕ್ಸಾ, ಎವಿಲ್ ಎಲ್ಲ ಮೊದಲೇ ಕೊಟ್ಟಾಗಿತ್ತು, ಆದರೂ ಹಾಗಾಯಿತು. ಡ್ರಿಪ್ ನಿಲ್ಲಿಸಿ, ಆಕ್ಸಿಜನ್ ಇಟ್ಟು, ಡಾಕ್ಟರು ಓಡಿಬಂದು, ಉಸಿರು ಹಳಿಗೆ ಬರುವವರೆಗೆ ಅವರು ನನ್ನ ಮಣಿಕಟ್ಟು ಬಿಡಲಿಲ್ಲ. ಉಗುರಿನ ಗುರುತು ಸಂಜೆಯವರೆಗೂ ಇತ್ತು.

ಹಾಗಾಗಿ ಇವತ್ತು ವಯಲ್ ಕೈಗೆತ್ತಿಕೊಂಡಾಗ ನನ್ನ ಎದೆಯೂ ಹೊಡೆದುಕೊಳ್ಳುತ್ತಿತ್ತು. ನ್ಯಾಬ್ ಕಲಸುವಾಗ ಅವಸರ ಕೂಡದು. ಸಲೈನನ್ನು ವಯಲ್ಲಿನ ಒಳಗೋಡೆಯ ಮೇಲೆ ನಿಧಾನವಾಗಿ ಇಳಿಬಿಡಬೇಕು, ಐದು ನಿಮಿಷ ಮುಟ್ಟದೆ ಬಿಡಬೇಕು, ಆಮೇಲೆ ಮೆಲ್ಲಗೆ ಆಡಿಸಬೇಕು. ಕುಲುಕಿದರೆ ನೊರೆಯೇ ನೊರೆ. ಸರಿಯಾಗಿ ಕಲೆತರೆ ನೀರು ಬೆರೆಸಿದ ಹಾಲಿನ ಹಾಗೆ ಕಾಣುತ್ತೆ.

ಅರ್ಧ ಗಂಟೆಯಲ್ಲಿ ಮುಗಿಯಿತು. ಏನೂ ಆಗಲಿಲ್ಲ. ಅಷ್ಟು ಹೊತ್ತೂ ನಾನು ಅವರ ಮುಖವನ್ನೇ ನೋಡುತ್ತ ನಿಂತಿದ್ದೆ.

“ಇದನ್ನ ಕಂಡುಹಿಡಿದ ಪುಣ್ಯಾತ್ಮ ಯಾರು ಸಿಸ್ಟರ್?” ಅಂದರು. ಹದಿನಾರು ವರ್ಷದಿಂದ ಕೀಮೋ ವಾರ್ಡಿನಲ್ಲಿದ್ದೇನೆ, ನನಗೆ ಗೊತ್ತಿರಲಿಲ್ಲ. ಮುಂದಿನ ಸಲ ಬಂದಾಗ ಹೇಳ್ತೀನಿ ಟೀಚರ್ ಅಂದೆ.

9 ಮೇ, ಗುರುವಾರ

ನೈಟ್ ಡ್ಯೂಟಿ ಮುಗಿಸಿ ಬಂದು, ಮಲಗದೆ ಓದಿದೆ. ನ್ಯಾಬ್ ಕಂಡುಹಿಡಿದವರ ಹೆಸರು ಪ್ಯಾಟ್ರಿಕ್ ಸೂನ್-ಶಿಯಾಂಗ್. 1952ರಲ್ಲಿ ದಕ್ಷಿಣ ಆಫ್ರಿಕಾದ ಪೋರ್ಟ್ ಎಲಿಜಬೆತ್‌ನಲ್ಲಿ ಹುಟ್ಟಿದವರು. ಜಪಾನೀಯರ ದಾಳಿಯ ಕಾಲದಲ್ಲಿ ಚೀನಾ ಬಿಟ್ಟು ಬಂದ ಅಪ್ಪ ಅಮ್ಮ. ಅಪ್ಪನಿಗೆ ಗಿಡಮೂಲಿಕೆ ವೈದ್ಯ ಗೊತ್ತಿತ್ತು, ಹೊಟ್ಟೆಪಾಡಿಗೆ ದಿನಸಿ ಅಂಗಡಿ. ವರ್ಣಭೇದದ ದೇಶ ಅದು. ವಿಟ್‌ವಾಟರ್ಸ್‌ರ‍್ಯಾಂಡ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿ, ಜೋಹಾನ್ಸ್‌ಬರ್ಗಿನ ಬಿಳಿಯರ ಆಸ್ಪತ್ರೆಯಲ್ಲಿ ಇಂಟರ್ನ್ ಆದಾಗ, ಬಿಳಿಯ ಇಂಟರ್ನ್‌ಗಳಿಗೆ ಕೊಡುತ್ತಿದ್ದುದರ ಅರ್ಧ ಸಂಬಳಕ್ಕೆ ಒಪ್ಪಬೇಕಾಯಿತು. ನನ್ನನ್ನು ಮುಟ್ಟಬೇಡ ಎಂದ ರೋಗಿಯೂ ಇದ್ದ.

ಈ ಸಾಲಿನಲ್ಲಿ ನಾನು ಬಹಳ ಹೊತ್ತು ನಿಂತೆ. ರೋಗಿಯನ್ನು ಮುಟ್ಟುವುದೇ ನಮ್ಮ ಕೆಲಸ. ನನ್ನ ಕೆಲಸದ ಮೊದಲ ವರ್ಷ ಒಬ್ಬ ಮುದುಕಿ, ನೀನು ಯಾವ ಜನ ಅಂತ ಕೇಳಿ ಕೈ ಹಿಂದಕ್ಕೆ ಎಳೆದುಕೊಂಡಿದ್ದಳು. ಆ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಅವರು ಕೆನಡಾಕ್ಕೆ ಹೋಗಿ, ಅಲ್ಲಿಂದ ಲಾಸ್ ಏಂಜಲೀಸ್‌ನ ಯುಸಿಎಲ್‌ಎಗೆ ಬಂದು ಸರ್ಜನ್ ಆದರು. ಸಕ್ಕರೆ ಕಾಯಿಲೆಯವರಿಗೆ ಇಡೀ ಮೇದೋಜೀರಕ ಗ್ರಂಥಿಯನ್ನೇ ಕಸಿ ಮಾಡುವ ಆಪರೇಷನ್ನನ್ನು ಅಲ್ಲಿ ಮೊದಲು ಮಾಡಿದವರು. ಆದರೆ ಅದರಲ್ಲಿ ಅಪಾಯವೇ ಜಾಸ್ತಿ ಎನ್ನಿಸಿ ಬೇರೆ ದಾರಿ ಹುಡುಕಿದರು. ಇನ್ಸುಲಿನ್ ಉಂಟುಮಾಡುವ ಜೀವಕೋಶಗಳನ್ನು ಮಾತ್ರ ತೆಗೆದು, ಕಡಲ ಪಾಚಿಯಿಂದ ಮಾಡಿದ ಪೊರೆಯಲ್ಲಿ ಸುತ್ತಿ ಒಳಗಿಡುವುದು. 1993ರಲ್ಲಿ ಅದನ್ನು ಮನುಷ್ಯನ ಮೇಲೆ ಮಾಡಿಯೂ ತೋರಿಸಿದರು. ಕತ್ತಿ ಹಿಡಿದ ಕೈ ಅಲ್ಲಿಂದಲೇ ಪ್ರಯೋಗಾಲಯದ ಕಡೆ ತಿರುಗಿತೆಂದು ನನಗೆ ತೋರುತ್ತದೆ.

14 ಮೇ, ಮಂಗಳವಾರ

ಏಪ್ರಿಲ್ ಪೂರ್ತಿ ಬೆಂಗಳೂರಿಗೆ ಒಂದು ಹನಿ ಬೀಳಲಿಲ್ಲ. ಆ ಧಗೆಯಲ್ಲಿ ಅವ್ವ ಫೋನ್ ಮಾಡಿದಾಗೆಲ್ಲ “ನೆತ್ತಿಗೆ ಹರಳೆಣ್ಣೆ ಇಟ್ಕೊಂಡ್ಯೇನೇ” ಅಂತಲೇ ಕೇಳುತ್ತಿದ್ದಳು. ಇವತ್ತು ಓದುತ್ತಾ ಅದೇ ಎಣ್ಣೆ ಎದುರಾಯಿತು.

ಪ್ಯಾಕ್ಲಿಟ್ಯಾಕ್ಸೆಲ್ ಅಮೆರಿಕದ ಪಶ್ಚಿಮ ಕರಾವಳಿಯ ಯೂ ಮರದ ತೊಗಟೆಯಿಂದ ಬಂದದ್ದು. ಅದನ್ನು ಬೇರ್ಪಡಿಸಿ 1971ರಲ್ಲಿ ಅದರ ರಚನೆ ಪ್ರಕಟಿಸಿದ ಇಬ್ಬರು ಮುಖ್ಯರಲ್ಲಿ ಒಬ್ಬರು ಮನ್ಸುಖ್ ವಾನಿ, ಮಹಾರಾಷ್ಟ್ರದ ನಂದುರಬಾರಿನವರು. ಇದನ್ನು ಟೀಚರಮ್ಮನಿಗೆ ಹೇಳಲೇಬೇಕು. ಆದರೆ ಆ ಔಷಧ ನೀರಿನಲ್ಲಿ ಕರಗದು. ಕರಗಿಸಲು ಹರಳೆಣ್ಣೆಯನ್ನು ಕಾರ್ಖಾನೆಯಲ್ಲಿ ಮಾರ್ಪಡಿಸಿದ ಕ್ರೆಮೋಫೋರ್ ಎಂಬ ದ್ರಾವಕ ಬೇಕಾಯಿತು. ಉಸಿರು ಕಟ್ಟಿಸುವುದರಲ್ಲಿ ಅದರದೇ ದೊಡ್ಡ ಪಾಲು. ನಾವು ಡೆಕ್ಸಾ, ಎವಿಲ್ ಕೊಡುವುದು, ಬೇರೆ ನಳಿಕೆ, ಫಿಲ್ಟರ್ ಹಾಕುವುದು, ಮೂರು ಗಂಟೆ ಕಾಯುವುದು ಎಲ್ಲ ಹೆಚ್ಚುಕಡಿಮೆ ಅದಕ್ಕಾಗಿಯೇ. ಅವ್ವ ಹರಳು ಹುರಿದು, ಒರಳಲ್ಲಿ ಕುಟ್ಟಿ, ಕುದಿಸಿ, ಮೇಲೆ ತೇಲಿದ್ದನ್ನು ಬಳಿದು ತಂಪಿಗೆಂದು ತೆಗೆದಿಡುತ್ತಿದ್ದ ಎಣ್ಣೆ!

ಸೂನ್-ಶಿಯಾಂಗ್ ಮತ್ತು ಅವರ ತಂಡ ಆ ದ್ರಾವಕವನ್ನೇ ಬಿಟ್ಟರು. ಮನುಷ್ಯರ ರಕ್ತದಲ್ಲೇ ಇರುವ ಆಲ್ಬುಮಿನ್ ಎಂಬ ಪ್ರೋಟೀನಿಗೆ ಔಷಧವನ್ನು ಅಂಟಿಸಿ, ಸುಮಾರು 130 ನ್ಯಾನೋಮೀಟರಿನ ಕಣಗಳನ್ನು ಮಾಡಿದರು. ಇದೇ ನಮ್ಮ ನ್ಯಾಬ್. ಅಬ್ರಾಕ್ಸೇನ್ ಎಂಬ ಹೆಸರಿನಲ್ಲಿ ಇದಕ್ಕೆ 2005ರ ಜನವರಿಯಲ್ಲಿ ಹರಡಿದ ಸ್ತನ ಕ್ಯಾನ್ಸರಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದಕ್ಕೆ ಆಧಾರವಾದ ಪರೀಕ್ಷೆಯ ವರದಿಯಲ್ಲಿ ಗಡ್ಡೆ ಕುಗ್ಗಿದವರು 100ಕ್ಕೆ 33, ಹಳೆಯ ಔಷಧದಲ್ಲಿ 19. ಆದರೆ ಕೈಕಾಲು ನರಗಳ ತೊಂದರೆ ತೀವ್ರವಾದವರು ಇದರಲ್ಲಿ 100ಕ್ಕೆ 10, ಅದರಲ್ಲಿ 2.

2008ರಲ್ಲಿ ಇದನ್ನು ಭಾರತಕ್ಕೆ ತಂದದ್ದು ನಮ್ಮ ಬೆಂಗಳೂರಿನ ಬಯೋಕಾನ್. ನಾನು ಕೆಲಸಕ್ಕೆ ಸೇರಿದ ವರ್ಷ.

18 ಮೇ, ಶನಿವಾರ

ದುಡ್ಡಿನ ಕತೆ ಓದಿದೆ. ಸೂನ್-ಶಿಯಾಂಗ್ ತಮ್ಮ ಇಂಜೆಕ್ಷನ್ ಔಷಧಗಳ ಕಂಪನಿಯನ್ನು 2008ರಲ್ಲಿ ಜರ್ಮನಿಯ ಫ್ರೆಸೇನಿಯಸ್‌ಗೂ, ಅಬ್ರಾಕ್ಸೇನ್ ಕಂಪನಿಯನ್ನು 2010ರಲ್ಲಿ ಸೆಲ್ಜೀನ್‌ಗೂ ಮಾರಿದರು. ಎರಡೂ ನೂರಾರು ಕೋಟಿ ಡಾಲರ್ ಲೆಕ್ಕ. ಅದೇ 2010ರಲ್ಲಿ ಸಂಪತ್ತಿನ ಬಹುಪಾಲನ್ನು ದಾನ ಮಾಡುವ ವಾಗ್ದಾನಕ್ಕೆ ಹೆಂಡತಿಯೊಡನೆ ಸಹಿ ಹಾಕಿದರು. ದಕ್ಷಿಣ ಲಾಸ್ ಏಂಜಲೀಸ್‌ನ ಬಡವರ ಪಾಲಿನ ಆಸ್ಪತ್ರೆಯೊಂದು, ಮಾರ್ಟಿನ್ ಲೂಥರ್ ಕಿಂಗ್ ಹೆಸರಿನದು, 2007ರಲ್ಲಿ ಮುಚ್ಚಿತ್ತು. ಅದು ಮತ್ತೆ ತೆರೆಯಲೆಂದು ಅವರ ಕುಟುಂಬದ ಪ್ರತಿಷ್ಠಾನ 10 ಕೋಟಿ ಡಾಲರಿನ ಭರವಸೆ ಕೊಟ್ಟಿತು. 2015ರಲ್ಲಿ ತೆರೆಯಿತು. ಕೆಲವು ದಾನಗಳಿಂದ ಅವರದೇ ಕಂಪನಿಗಳಿಗೆ ಲಾಭವಾಯಿತೆಂಬ ಟೀಕೆಯೂ 2017ರಲ್ಲಿ ಅಲ್ಲಿನ ಪತ್ರಿಕೆಗಳಲ್ಲಿ ಬಂದಿದೆ. ಅವರೇ ಒಂದು ಪತ್ರಿಕೆ ಕೊಂಡದ್ದು, ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಪಾಲು, ಅವೆಲ್ಲ ನನಗೆ ಬೇಡ.

ಅವರು ಕೊಟ್ಟದ್ದರಲ್ಲಿ ದೊಡ್ಡದು ಯಾವುದೆಂದು ನನ್ನನ್ನು ಕೇಳಿದರೆ, ಚೆಕ್ಕಿನ ಮೇಲಿನ ಅಂಕಿಯನ್ನು ಹೇಳಲಾರೆ. ಎರಡೂವರೆ ಗಂಟೆ ಅನ್ನುತ್ತೇನೆ. ಮೂರು ಗಂಟೆ ಹೆದರಿಕೊಂಡು ಕೂರುತ್ತಿದ್ದ ಹೆಂಗಸು ಅರ್ಧ ಗಂಟೆಯಲ್ಲಿ ಎದ್ದು ಮನೆಗೆ ಹೋಗುತ್ತಾಳೆ. ಆದರೆ ನಿನ್ನೆ ನನ್ನ ವಾರ್ಡಿನಲ್ಲಿ ಪಕ್ಕಪಕ್ಕದ ಎರಡು ಕುರ್ಚಿಯಲ್ಲಿ ಒಂದಕ್ಕೆ ನ್ಯಾಬ್, ಇನ್ನೊಂದಕ್ಕೆ ಹಳೆಯದೇ. ಈಗ ನಮ್ಮ ದೇಶದ ಕಂಪನಿಗಳೂ ಇದನ್ನು ಮಾಡುತ್ತವೆ, ಆದರೂ ಎರಡರ ಬೆಲೆಗೆ ಬಹಳ ಅಂತರ. ಹಳೆಯದು ಹಾಕಿಸಿಕೊಳ್ಳುತ್ತಿದ್ದಾಕೆ ಹೂ ಮಾರುವವಳು. ಪಕ್ಕದವರು ಎದ್ದು ಹೋದಮೇಲೂ ಅವಳು ಗಡಿಯಾರ ನೋಡುತ್ತ ಕೂತೇ ಇದ್ದಳು. ಔಷಧ ಮಾಡಿದವರೂ ಮಾರುವವರೂ ಆ ಕುರ್ಚಿಯ ಪಕ್ಕ ಒಂದು ದಿನ ನನ್ನ ಜೊತೆ ನಿಲ್ಲಬೇಕೆಂದು ನನಗೆ ತುಂಬಾ ಆಸೆ.

27 ಮೇ, ಸೋಮವಾರ

ಟೀಚರಮ್ಮ ಬಂದ ಕೂಡಲೇ “ಉತ್ತರ ತಂದ್ರಾ?” ಅಂದರು. ಅರ್ಧ ಗಂಟೆ ಪೂರ್ತಿ ಹೇಳಿದೆ. ಅಂಗಡಿ ಇಟ್ಟ ನಾಟಿ ವೈದ್ಯ, ಅರ್ಧ ಸಂಬಳ, ಕಡಲ ಪಾಚಿ, ನಂದುರಬಾರ್, ಹರಳೆಣ್ಣೆ. ಹೋದ ತಿಂಗಳು ಆ ಮನುಷ್ಯನ ಈಗಿನ ಕಂಪನಿಯ ಮೂತ್ರಕೋಶದ ಕ್ಯಾನ್ಸರ್ ಔಷಧಕ್ಕೂ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ, ಅದನ್ನು ಬಿಸಿಜಿ ಜೊತೆ ಕೊಡುತ್ತಾರೆ ಅಂದಾಗ, ಅವರು ತೋಳಿನ ಮೇಲಿನ ಹಳೆಯ ಬಿಸಿಜಿ ಲಸಿಕೆಯ ಕಲೆಯನ್ನು ಮುಟ್ಟಿ ನೋಡಿಕೊಂಡರು.

ಆಮೇಲೆ ಮೆಲ್ಲಗೆ ಹೇಳಿದರು: “ಬೆರಳ ತುದಿ ಜುಮ್ಮೆನ್ನುತ್ತೆ ಸಿಸ್ಟರ್. ರಂಗೋಲಿ ಪುಡಿ ಎಷ್ಟು ಹಿಡಿದೆ, ಎಷ್ಟು ಬಿಟ್ಟೆ ಅನ್ನೋದೇ ಗೊತ್ತಾಗಲ್ಲ.” ಆ 100ಕ್ಕೆ 10 ನೆನಪಾಯಿತು. ಇದು ಇನ್ನೂ ಶುರು. ಅವರ ಅಂಗಿಯ ಗುಂಡಿ ಹಾಕಿಸಿ ತೆಗೆಸಿ ನೋಡಿದೆ, ಒಂದನ್ನು ಹಾಕಲು ತಡಕಾಡಿದರು. ಫೈಲಿನಲ್ಲಿ ಬರೆದು, ಡಾಕ್ಟರು ನೋಡುವವರೆಗೆ ಅವರನ್ನು ಕಳಿಸಲಿಲ್ಲ. ಮುಂದಿನ ಡೋಸ್ ಕಡಿಮೆ ಮಾಡಬೇಕೋ ಏನೋ, ರೌಂಡ್ಸ್‌ನಲ್ಲಿ ಮತ್ತೆ ಕೇಳಬೇಕು. ಹೂ ಮಾರುವವಳದು ಜೂನ್ 7ಕ್ಕೆ. ಅಷ್ಟರೊಳಗೆ ಅವಳ ರೇಷನ್ ಕಾರ್ಡ್ ತರಿಸಿ ಸಮಾಜಸೇವಾ ವಿಭಾಗದಲ್ಲಿ ನ್ಯಾಬ್‌ಗೆ ನೆರವು ಸಿಗುತ್ತದೆಯೇ ವಿಚಾರಿಸಬೇಕು.